ಎತ್ತಿ ನೋಡಿ ಆರಿಸಿದ ಸೈಕಲ್ಲು

ನಮ್ಮ ಮಾವ ಯಾರ ಹತ್ರಾನೂ ಏನನ್ನೂ ಕೇಳೋ ಮನುಷ್ಯ ಅಲ್ಲ. ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಕಮ್ಮಿ ಆಗಿದ್ರೆ, ಪಕ್ಕದಲ್ಲೇ ನಾನಿದ್ರೂ, ತಾನೇ ಎದ್ದು ಹೋಗಿ ಉಪ್ಪಿನ ಡಬ್ಬ ತಂದ್ಕೋತಿದ್ದ. ಮಾವ ಅಂದ್ರೆ ನನ್ನ ಗಂಡ. ನಮ್ಮಮ್ಮನ ಕೊನೇ ತಮ್ಮ ಅವನು. ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡೋದು ಹಿಂದಿನಿಂದ ಬಂದಿದ್ದು. ಕೂಸಾಗಿದ್ದಾಗಿಂದ ಮಾವ ಅಂತ ಕರೆದ ಬಾಯಿಗೆ, ಮದುವೆ ಆಯ್ತು ಅಂತ ‘ಏನ್ರೀ’ ಅನ್ನೋಕೆ ನಾಲಿಗೆ ತಿರುಗಲಿಲ್ಲ. ಅವನೂ ಅಷ್ಟೇ. ನನ್ನ ತಲೇಲಿ ಬಿಳಿಕೂದಲು ಬಂದು ಎಷ್ಟೋ ಕಾಲ ಆಯ್ತು, ಇವತ್ತಿಗೂ ‘ಉಡುಗಿ’ ಅಂತಾನೆ, ‘ಹ’ ಅನ್ನೋ ಅಕ್ಷರ ಅವನ ನಾಲಿಗೆಗೆ ಹತ್ತಲ್ಲ.

ಅವನಿಗೆ ಎಡಗಣ್ಣು ಕಾಣಲ್ಲ. ಹರೆಯದಲ್ಲಿ ಕ್ಯಾಸಂಬಳ್ಳಿ ಕಡೆ ಕಲ್ಲು ಒಡೆಯೋ ಕೂಲಿಗೆ ಹೋಗ್ತಿದ್ದಾಗ ಚಕ್ಕೆ ಹಾರಿ ಬಂದು ಹೊಡೀತು. ಮದುವೆ ಆದ ಹೊಸದರಲ್ಲಿ ಯಾರದೋ ಮೊಪೆಡ್ ಇಸ್ಕೊಂಡು ಕಲಿಯೋಕೆ ಹೋದ. ಎದುರಿಗೆ ಬರ್ತಿದ್ದ ಎತ್ತಿನ ಗಾಡಿ ಇನ್ನೂ ದೂರ ಇದೆ ಅಂದ್ಕೊಂಡು, ಅದು ಮೂಗಿನ ಹತ್ರ ಬಂದಾಗ ಗಾಬರಿಯಾಗಿ ನೆಟ್ಟಗೆ ರಾಗಿ ಹೊಲಕ್ಕೆ ಇಳಿಸಿಬಿಟ್ಟ. ‘ಮೋಟ್ರು ಗಾಡಿ ಓಟಕ್ಕೆ ಒಂದು ಕಣ್ಣು ಸಾಲಲ್ಲ ಕಣೇ. ಸೈಕಲ್ಗೆ ಸಾಕು’ ಅಂದ. ಆ ಮಾತು ಆಡಿದ ಮೇಲೆ ಇನ್ನೊಂದು ಸಲ ಮೋಟಾರ್ ಗಾಡಿಯ ಹ್ಯಾಂಡ್ಲು ಮುಟ್ಟಲಿಲ್ಲ.

ಕೆಲಸ ಬಂಗಾರಪೇಟೆಯ ಒಂದು ಅಕ್ಕಿ ಮಿಲ್ಲಲ್ಲಿ. ಮಿಲ್ಲಿನ ಗೇಟಿನ ಬೀಗದಕೈ ಇವನ ಹತ್ರಾನೇ ಇರುತ್ತೆ. ಬೆಳಿಗ್ಗೆ ಇವನು ಹೋಗಿ ತೆಗೆದ್ರೇನೇ ಮಿಕ್ಕವರು ಒಳಗೆ. ನಾವಿರೋದು ಕೆಜಿಎಫ್‌ನ ನಂದಿದುರ್ಗ ಗಣಿಯ ಲೈನ್ ಮನೇಲಿ. ಗಣಿಯವರಿಗೆ ಅಂತ ಕಟ್ಟಿದ ಸಾಲುಮನೆ, ತಗಡಿನ ಚಾವಣಿ. ನನ್ನ ಹೊಲಿಗೆ ಮಿಷನ್ನು ಇಲ್ಲಿದೆ, ನನ್ನ ಹತ್ರ ರವಿಕೆ ಹೊಲಿಸೋ ಹೆಂಗಸರೆಲ್ಲ ಇಲ್ಲಿದಾರೆ. ಅದಕ್ಕೇ ಬಂಗಾರಪೇಟೆಗೆ ಮನೆ ಬದಲಾಯಿಸಲಿಲ್ಲ. ರೈಲಿನ ಟೈಮು ಮಿಲ್ಲಿನ ಟೈಮಿಗೆ ಕೂಡಲ್ಲ. ಬಸ್ಸು ಅದರ ಮನಸ್ಸು ಬಂದಾಗ ಬರುತ್ತೆ. ಆಟೋಗೆ ಜನ ತುಂಬೋ ತನಕ ಕಾಯಬೇಕು, ಕಾಯೋದು ಅಂದ್ರೆ ಮಾವನಿಗೆ ಆಗಲ್ಲ. ಹಂಗಾಗಿ ಸೈಕಲ್ಲು. ಬಿಸಿಲು, ಗಾಳಿ, ಮಳೆ, ಏನೇ ಇರಲಿ, ಯಾರನ್ನೂ ಕೇಳದೆ, ಯಾರಿಗೂ ಕಾಯದೆ, ಹೋಗಿ ಬರ್ತಿದ್ದ. ಅವನಿಗೆ ಅದು ಎಷ್ಟು ದೊಡ್ಡದು ಅಂತ ನನಗೆ ಗೊತ್ತಿಲ್ಲದೇ ಇರಲಿಲ್ಲ.

ಹಳೇದು ಕರೀ ಕಬ್ಬಿಣದ ಸೈಕಲ್ಲು, ಎರಡು ಅಡ್ಡಪೈಪಿಂದು. ಆನೆ ಭಾರ. ವಯಸ್ಸಿನಲ್ಲಿ ಅದರ ಮೇಲೆ ಎರಡು ಮೂಟೆ ರಾಗಿ ಹೇರ್ಕೊಂಡು ಬಂದವನಿಗೆ ಭಾರ ಅನ್ನೋದು ಲೆಕ್ಕಕ್ಕಿರಲಿಲ್ಲ. ಆಮೇಲಾಮೇಲೆ ಮಂಡಿನೋವು ಶುರುವಾಯ್ತು. ಡಾಕ್ಟ್ರು ನೋಡಿ, ಮಂಡಿ ಸವೆದಿದೆ, ಭಾರ ತುಳೀಬೇಡಿ ಅಂದ್ರು. ಇವನು ಹ್ಞೂಂ ಅಂತ ತಲೆ ಆಡಿಸಿ, ಮಾರನೇ ದಿನ ಅದೇ ಸೈಕಲ್ ಹತ್ತಿದ.

ಒಂದಿನ ಎದುರುಮನೆ ಅಕ್ಕ ರವಿಕೆ ಅಳತೆ ಕೊಡೋಕೆ ಬಂದವಳು ಮಾತಿನ ಮಧ್ಯೆ ಹೇಳಿದ್ಲು. ಅವಳ ಮನೆಮಾತು ತಮಿಳು, ನನ್ನ ಜೊತೆ ಕನ್ನಡ, ಎರಡೂ ಬೆರೆಸಿಕೊಂಡೇ ಮಾತು. ‘ನಿಮ್ಮ ಮಾಮಾ ಕೋರಮಂಡಲ್ ಏರಲ್ಲಿ ಸೈಕಲ್ ತಳ್ಳಿಕೊಂಡು ಹೋಗ್ತಾ ಇದ್ರು ಅಕ್ಕಾ. ಬಸ್ಸಿಂದ ನೋಡಿದೆ. ನಿಂತು ನಿಂತು ಹೋಗ್ತಾರೆ, ಪಾವಂ’ ಅಂದ್ಲು. ನನ್ನ ಕೈಲಿದ್ದ ಟೇಪು ಅಲ್ಲೇ ನಿಂತಿತು. ನನ್ನ ಗಂಡನ್ನ ಇನ್ನೊಬ್ಬರು ‘ಪಾವಂ’, ಅಂದ್ರೆ ಪಾಪ, ಅನ್ನೋದು ನನಗೆ ಸಹಿಸೋಕಾಗಲಿಲ್ಲ. ಅಕ್ಕ ಹೋದ ಮೇಲೆ ಸುಮ್ಮನೆ ಕೂತು ಅತ್ತೆ, ಆಮೇಲೆ ಸಿಟ್ಟು ಬಂತು. ನನಗೆ ಅಳು ಬಂದ್ರೆ ಹಿಂದೇನೇ ಸಿಟ್ಟು ಬರುತ್ತೆ, ಹುಟ್ಟುಗುಣ.

ಸಾಯಂಕಾಲ ಬಂದವನಿಗೆ ಕಾಫಿ ಕೊಡೋಕೂ ಮೊದಲು ಶುರು ಮಾಡಿದೆ.

‘ಏನು ಮಾವ, ಏರಲ್ಲಿ ಸೈಕಲ್ ತಳ್ತೀಯಂತೆ?’

‘ಯಾರು ಏಳಿದ್ದು?’

‘ಯಾರಾದ್ರೂ ಹೇಳಲಿ. ಹೌದೋ ಅಲ್ವೋ?’

‘ಒಂದೊಂದು ದಿನ’ ಅಂದ. ಆಮೇಲೆ, ‘ಅರ್ಧ ದಾರಿ’ ಅಂದ. ಆಮೇಲೆ ಮಂಡಿ ಸವರಿಕೊಂಡು, ‘ಇನ್ನು ಜಾಸ್ತಿ ದಿನ ಇದು ನಡೆಯಲ್ಲ ಉಡುಗಿ. ಯಾರ ಇಂದಾದ್ರೂ ಕೂತ್ಕೊಂಡು ಓಗೋ ಕಾಲ ಬತ್ತದೆ’ ಅಂದ. ಈ ಕೊನೇ ಮಾತು ಹೇಳುವಾಗ ಅವನ ಮುಖ ನೋಡೋಕೆ ಆಗಲಿಲ್ಲ. ನಾನು ಅಲ್ಲೇ ತೀರ್ಮಾನ ಮಾಡಿದೆ, ಹಗುರದ ಸೈಕಲ್ ಕೊಡಿಸ್ತೀನಿ ಅಂತ. ಮಂಡಿಗೆ ಭಾರ ಆಗಬಾರದು, ಮನುಷ್ಯ ಯಾರ ಹಿಂದೆಯೂ ಕೂರಬಾರದು.

ಬಂಗಾರಪೇಟೆ ಸ್ಟೇಷನ್ ಕಡೆ ಒಂದು ಸೈಕಲ್ ಅಂಗಡಿ. ಅಲ್ಲಿ ಫ್ರೇಮುಗಳನ್ನ ಬಿಡಿಬಿಡಿಯಾಗಿ ಗೋಡೆಗೆ ನೇತು ಹಾಕಿದ್ರು. ಫ್ರೇಮು ಅಂದ್ರೆ ಸೈಕಲ್ಲಿನ ಎಲುಬುಗೂಡು, ಚಕ್ರ ಇಲ್ಲ, ಚೈನಿಲ್ಲ, ಬರೀ ಪೈಪು. ‘ಫ್ರೇಮು ನೀವು ಆರಿಸಿ ಅಕ್ಕ, ಚಕ್ರ ಪೆಡಲು ಹ್ಯಾಂಡ್ಲು ಎಲ್ಲ ನಾನು ಕೂಡಿಸಿ ಕೊಡ್ತೀನಿ. ಸೈಕಲ್ ಓಡೋದೇ ಫ್ರೇಮಿನ ಮೇಲೆ’ ಅಂದ ಅಂಗಡಿಯವನು. ಮಾತಿನ ಮಲ್ಲ. ಯಾವುದನ್ನ ತೋರಿಸಿದ್ರೂ ಅದೇ ಬೆಸ್ಟು ಅಂತಿದ್ದ.

ಈಗ ನನ್ನ ವಿಷಯ ಹೇಳಬೇಕು. ನಮ್ಮಪ್ಪ ಕುರಿ ವ್ಯಾಪಾರದವನು. ಸಂತೇಲಿ ಕುರಿಯ ಹೊಟ್ಟೆ ಕೆಳಗೆ ಕೈ ಕೊಟ್ಟು ಒಂದು ಸಲ ಎತ್ತಿದ್ರೆ ತೂಕ ಹೇಳಿಬಿಡ್ತಿದ್ದ. ತಕ್ಕಡಿಗೆ ಹಾಕಿ ನೋಡಿದ್ರೂ ಹೆಚ್ಚುಕಮ್ಮಿ ಅಷ್ಟೇ ಇರ್ತಿತ್ತು. ನಮ್ಮ ಮನೇಲಿ ಏನು ಕೊಳ್ಳೋದಿದ್ರೂ, ಬಿಂದಿಗೆ ಆಗಲಿ, ಗುದ್ದಲಿ ಆಗಲಿ, ಮೊದಲು ಎತ್ತಿ ನೋಡೋದು, ಮಾತು ಆಮೇಲೆ. ಆ ಕೈಗುಣ ನನಗೂ ಬಂದಿದೆ ಅಂತ ನನಗೆ ಭಾಳ ಹೆಮ್ಮೆ. ಕುಂಬಳಕಾಯಿ ಎತ್ತಿ, ಒಳಗೆ ತಿರುಳು ಎಷ್ಟು ಬೀಜ ಎಷ್ಟು ಅನ್ನೋಳು ನಾನು.

ಮೂರು ಫ್ರೇಮು ಇಳಿಸಿದ. ಒಂದು ಉಕ್ಕಿಂದೇ, ಆದ್ರೆ ತೆಳು ಪೈಪಿಂದು, ಹಸಿರು ಬಣ್ಣ. ಇನ್ನೊಂದು ಅಲ್ಯೂಮಿನಿಯಂ, ದಪ್ಪ ಪೈಪು. ಮೂರನೇದೂ ಅಲ್ಯೂಮಿನಿಯಂ, ರೇಸಿನವರು ಓಡಿಸೋ ಥರದ್ದು, ಬೆಳ್ಳಿ ಬಣ್ಣ. ನಾನು ಸೆರಗು ಸಿಕ್ಕಿಸಿಕೊಂಡು ಒಂದೊಂದನ್ನೇ ಒಂದು ಕೈಯಲ್ಲಿ ಎತ್ತಿದೆ. ಮೊದಲನೇದು ಪರವಾಗಿಲ್ಲ, ಹಳೇ ಸೈಕಲ್ಲಿನ ಮುಂದೆ ಏನೂ ಅಲ್ಲ. ಎರಡನೇದು ಇನ್ನೂ ಹಗುರ. ಮೂರನೇದನ್ನ ಎತ್ತಿದಾಗ ಕೈ ತಾನಾಗೇ ಮೇಲಕ್ಕೆ ಹೋಯ್ತು. ಮೊರ ಎತ್ತಿದಂಗೆ ಇತ್ತು. ಅಲ್ಲೇ ಮನಸ್ಸು ಕೊಟ್ಟುಬಿಟ್ಟೆ.

ಮಾವ ಹಸಿರು ಫ್ರೇಮಿನ ಹತ್ರ ನಿಂತಿದ್ದ. ನಾನು ಎತ್ತಿ ಆದ ಮೇಲೆ ಅಂಗಡಿಯವನು ತೋರಿಸೋಕೆ ಅಂತ ಎಲ್ಲದಕ್ಕೂ ಮುಂದೆ ಒಂದೊಂದು ಚಕ್ರ ಸಿಕ್ಕಿಸಿದ್ದ. ಮಾವ ಹಸಿರಿನದರ ಟೈರಿಗೂ ಅದನ್ನ ಹಿಡಿದಿರೋ ಫೋರ್ಕಿಗೂ ಮಧ್ಯೆ ಬೆರಳು ಇಟ್ಟ, ಎರಡು ಬೆರಳು ಸಲೀಸಾಗಿ ಹೋದವು. ಬೆಳ್ಳಿ ಬಣ್ಣದ್ದರಲ್ಲಿ ಇಟ್ಟ, ಕಿರುಬೆರಳೂ ಹೋಗಲಿಲ್ಲ. ‘ಇದರಾಗೆ ಜಾಗಾನೇ ಇಲ್ವಲ್ಲೇ’ ಅಂದ. ಆಮೇಲೆ ಹಿಂದೆ ಮುಂದೆ ತಡವಿ, ‘ಮಡ್‌ಗಾರ್ಡ್ ಆಕ್ಸಕ್ಕೂ ತೂತಿಲ್ಲ’ ಅಂದ.

‘ಮಡ್‌ಗಾರ್ಡ್ ಯಾಕೆ ಮಾವ? ನಮ್ಮ ಕೋಲಾರದ ಸೀಮೇಲಿ ಮಳೆ ಎಷ್ಟು ದಿನ ಬರುತ್ತೆ?’ ಅಂದೆ. ಅಂಗಡಿಯವನು ನಕ್ಕ, ಅಲ್ಲಿ ಟ್ಯೂಬಿಗೆ ಪಂಚರ್ ಹಾಕಿಸೋಕೆ ಬಂದಿದ್ದವನೂ ನಕ್ಕ.

ಈ ಮಾತನ್ನ ಬೇರೆ ಕಡೆಯವರು ಆಡ್ತಿರಲಿಲ್ಲ, ನಮ್ಮ ಕಡೆಯವರೇ ಆಡೋದು. ನಮ್ಮಲ್ಲಿ ಮಳೆ ಅಂದ್ರೆ ನೆಂಟರು. ಬಂದ್ರೆ ಸಂತೋಷ, ಬರ್ತಾರೆ ಅಂತ ಯಾರೂ ಅಡುಗೆ ಮಾಡಿ ಇಡಲ್ಲ. ಕೊಡೆ ಹಿಡ್ಕೊಂಡು ಮನೆಯಿಂದ ಹೊರಟರೆ ಮಳೆಗೆ ಅಪಶಕುನ ಅಂತ ನಮ್ಮಜ್ಜಿ ಬೈತಿದ್ಲು. ಬೋರು ಎಷ್ಟು ಆಳಕ್ಕೆ ಹೋಯ್ತು ಅಂತ ಮಾತಾಡ್ಕೊಂಡು ಬೆಳೆದವಳು ನಾನು. ಸೈಕಲ್ ಕೊಳ್ಳುವಾಗ ನನ್ನ ತಲೇಲಿ ಇದ್ದಿದ್ದು ಬಿಸಿಲು, ಎದುರುಗಾಳಿ, ಕೋರಮಂಡಲ್ ಏರು, ಮಾವನ ಮಂಡಿ, ಇಷ್ಟೇ.

‘ಇದು ಸಾಕಲ್ವಾ?’ ಅಂತ ಮಾವ ಇನ್ನೊಂದು ಸಲ ಹಸಿರಿನದರ ಮೇಲೆ ಕೈ ಇಟ್ಟ.

‘ಅದೂ ಉಕ್ಕೇ. ಉಕ್ಕು ತುಳಿದು ತುಳಿದೇ ಮಂಡಿ ಹೋಗಿದ್ದು’ ಅಂದೆ. ‘ನೀನು ಎತ್ತಿ ನೋಡು ಮಾವ, ಎತ್ತಿ ನೋಡಿ ಆಮೇಲೆ ಮಾತಾಡು.’

ಎತ್ತಿ ನೋಡಿದ. ಹಗುರ ಇದ್ದಿದ್ದು ಸುಳ್ಳಲ್ಲ. ಅಂಗಡಿಯವನು ಅದರಲ್ಲೇ ಕೂಡಿಸಿಟ್ಟಿದ್ದ ಒಂದು ಸೈಕಲ್ ಕೊಟ್ಟು, ಹಿಂಗೆ ಹೋಗಿ ಬನ್ನಿ ಅಣ್ಣ ಅಂದ. ಶಿವರಾತ್ರಿ ಕಳೆದ ದಿನಗಳು, ರಸ್ತೆ ಒಣಗಿ ಹಪ್ಪಳ. ಮಾವ ರೈಲ್ವೆ ಗೇಟಿನ ತನಕ ಹೋಗಿ ಬಂದ. ಬರುವಾಗ ಅವನ ಮುಖದಲ್ಲಿ ನಗು ಇತ್ತು, ಹರೆಯದ ಹುಡುಗರಿಗೆ ಇರುತ್ತಲ್ಲ ಅಂಥದ್ದು. ‘ತುಳಿಯೋದೇ ಬ್ಯಾಡ ಕಣೇ, ಅದೇ ಓಯ್ತದೆ’ ಅಂದ. ನಾನು ಗೆದ್ದೆ ಅಂದ್ಕೊಂಡೆ.

ಬೇಸಿಗೆ ಪೂರಾ ನನ್ನ ಮಾತೇ ಸತ್ಯ ಆಗಿತ್ತು. ಅದನ್ನ ಹೇಳದೇ ಹೋದ್ರೆ ಆ ಸೈಕಲ್ಲಿಗೆ ಅನ್ಯಾಯ. ಏರಲ್ಲಿ ಇಳಿಯೋದು ನಿಂತೇ ಹೋಯ್ತು. ಸಾಯಂಕಾಲ ನಾನು ಕಾಫಿಗೆ ಹಾಲು ಇಡೋಕೆ ಮುಂಚೆಯೇ ಬಾಗಿಲಲ್ಲಿ ಬೆಲ್ಲು. ಬೆನ್ನು ಬಗ್ಗಿಸಿ ಕೂರಬೇಕಾಗಿತ್ತು, ಎಡಗಡೆ ಏನು ಬರ್ತಿದೆ ಅಂತ ನೋಡೋಕೆ ಕತ್ತು ಪೂರಾ ತಿರುಗಿಸಬೇಕಾಗಿತ್ತು, ಆದ್ರೂ ಅವನು ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಊಟದ ಡಬ್ಬಿ ಇಡೋಕೆ ಕ್ಯಾರಿಯರ್ ಇಲ್ಲ ಅಂತ ಹಳೇ ಜೀನ್ಸ್ ಬಟ್ಟೇಲಿ ಬೆನ್ನಿಗೆ ಹಾಕ್ಕೊಳ್ಳೋ ಚೀಲ ಹೊಲಿದು ಕೊಟ್ಟೆ. ಎದುರುಮನೆ ಅಕ್ಕನ್ನ ಕರೆದು, ‘ಈಗ ನೋಡಕ್ಕ ನಮ್ಮ ಮಾವನ್ನ’ ಅಂತ ತೋರಿಸಿದ್ದೂ ಉಂಟು. ಯಾರು ರವಿಕೆ ಹೊಲಿಸೋಕೆ ಬಂದ್ರೂ ಅವರಿಗೆ ನಾನು ಸೈಕಲ್ ಆರಿಸಿದ ಕಥೆ ಕೇಳೋ ಶಿಕ್ಷೆ ತಪ್ತಿರಲಿಲ್ಲ.

ಆ ವರ್ಷ ಮಳೆ ಬಂತು. ಬಂತು ಅಂದ್ರೆ ನಮ್ಮ ಕಡೆ ಬರೋ ಹಂಗಲ್ಲ, ಬೇರೆ ಯಾರದೋ ಸೀಮೆಗೆ ಹೋಗೋ ಮಳೆ ದಾರಿ ತಪ್ಪಿ ಬಂದಂಗೆ. ತಗಡಿನ ಮೇಲೆ ಅದರ ಸದ್ದಿಗೆ ಮಿಷನ್ನಿನ ಸದ್ದು ನನಗೇ ಕೇಳ್ತಿರಲಿಲ್ಲ. ಜನ ಎಷ್ಟು ಖುಷಿಪಟ್ರು ಅಂತೀರಿ. ರಸ್ತೇಲಿ ನಿಂತು ನೆನೆಯೋರು, ಕೆರೆ ಎಷ್ಟು ತುಂಬಿದೆ ಅಂತ ಗಾಡಿ ಮಾಡ್ಕೊಂಡು ನೋಡೋಕೆ ಹೋಗೋರು. ನಾನೂ ಖುಷಿಪಟ್ಟೆ, ದೇವರಾಣೆ.

ನಮ್ಮೂರಿನ ಸೈನೈಡ್ ದಿಬ್ಬ ನೋಡದವರಿಗೆ ಮುಂದಿನದು ಅರ್ಥ ಆಗಲ್ಲ. ಗಣಿಯಿಂದ ತೆಗೆದ ಕಲ್ಲನ್ನ ಹಿಟ್ಟು ಮಾಡಿ, ಚಿನ್ನ ತೆಗೆದುಕೊಂಡು, ಉಳಿದ ಮಣ್ಣು ಸುರಿದ ಗುಡ್ಡಗಳು ಅವು. ಗಣಿ ಮುಚ್ಚಿ ಎಷ್ಟೋ ವರ್ಷ ಆದ್ರೂ ಗುಡ್ಡ ಹಂಗೇ ಇವೆ. ಬೇಸಿಗೇಲಿ ಆ ಬೂದುಮಣ್ಣು ಗಾಳಿಗೆ ಎದ್ದು ಊಟದ ತಟ್ಟೆಗೂ ಬೀಳುತ್ತೆ. ಮಳೆ ಜೋರಾಗಿ ಬಂದ್ರೆ ಕರಗಿ ರಸ್ತೆಗೆ ಇಳಿಯುತ್ತೆ, ದೋಸೆಹಿಟ್ಟಿನಂಗೆ. ನೋಡೋಕೆ ನುಣುಪು, ಅಂಟಿದ್ರೆ ಬಿಡಲ್ಲ, ಒಣಗಿದ್ರೆ ಸಿಮೆಂಟು. ಇಲ್ಲಿ ಸಂಸಾರ ಮಾಡಿದ ನನಗೆ ಆ ಮಣ್ಣು ಗೊತ್ತಿರಲಿಲ್ವಾ? ಒಗೆದ ಬಟ್ಟೆಯಿಂದ ಅದನ್ನ ಬಿಡಿಸೋಕೆ ಎಷ್ಟು ಸಲ ಶಾಪ ಹಾಕಿದೀನಿ. ಆದ್ರೆ ಸೈಕಲ್ ಅಂಗಡೀಲಿ ನಿಂತಾಗ ಆ ಮಣ್ಣು ನೆನಪಿಗೇ ಬರಲಿಲ್ಲ.

ಆ ದಿನಗಳಲ್ಲಿ ಮಾವ ಬರೋದು ತಡ ಆಗ್ತಿತ್ತು. ಮಿಲ್ಲಲ್ಲಿ ಕೆಲಸ ಜಾಸ್ತಿ ಅಂತಿದ್ದ. ಅಂಗಿ ಬಿಚ್ಚಿ ನನ್ನ ಕೈಗೆ ಕೊಡದೆ ತಾನೇ ಹಿತ್ತಲಲ್ಲಿ ಒಗೆದು ಹಾಕ್ತಿದ್ದ. ‘ಏನು ಮಾವ, ಹೊಸಾ ಅಭ್ಯಾಸ’ ಅಂತ ನಾನು ಆಡಿಕೊಂಡೆ. ‘ನಿಂಗೂ ಕೆಲ್ಸ ಇರ್ತದಲ್ಲ’ ಅಂದ. ನನಗೆ ಸ್ವಲ್ಪ ಸಂತೋಷವೂ ಆಯ್ತು, ಗಂಡ ಒಗೆಯೋಕೆ ಕೈ ಹಾಕಿದ ಅಂತ. ಬುದ್ಧಿ ಇದ್ದೋಳಾಗಿದ್ರೆ ಆ ಅಂಗಿಯ ಬೆನ್ನು ತಿರುಗಿಸಿ ನೋಡ್ತಿದ್ದೆ.

ಅಷ್ಟರಲ್ಲಿ ನನ್ನ ತವರಿನಿಂದ ಸುದ್ದಿ ಬಂತು. ಕ್ಯಾಸಂಬಳ್ಳಿ ಹತ್ರ ನಮ್ಮೂರ ಕೆರೆ ಕೋಡಿ ಹೋಯ್ತಂತೆ. ನಾನು ಲಂಗ ಹಾಕ್ತಿದ್ದ ಕಾಲದಲ್ಲಿ ಒಂದು ಸಲ ಹೋಗಿತ್ತು, ಆಮೇಲೆ ಆ ಕೆರೇಲಿ ಜಾಲಿ ಬೆಳೆದು ಹುಡುಗರು ಕ್ರಿಕೆಟ್ ಆಡ್ತಿದ್ರು. ಊರ ಹೆಂಗಸರೆಲ್ಲ ತಂಬಿಟ್ಟು ದೀಪ ಹೊತ್ತು ಗಂಗಮ್ಮನ ಪೂಜೆ ಮಾಡೋದು ಅಂತ ಗೊತ್ತಾಯ್ತು. ಮನೆ ಹೆಣ್ಣುಮಕ್ಕಳು ಬರಲೇಬೇಕು. ‘ಓಗು, ಇಂಥಾದ್ದು ಮತ್ತೆ ಯಾವಾಗ ನೋಡ್ತೀಯೋ’ ಅಂತ ಮಾವ ತಾನೇ ಬಸ್ ಹತ್ತಿಸಿದ.

ಮಾರನೇ ಬೆಳಿಗ್ಗೆ ಕೋಡಿಯ ಹತ್ರ ನಿಂತಿದ್ವಿ. ಮಂಡಿ ತನಕ ನೀರು, ಎಲ್ಲರ ಸೀರೆ ಒದ್ದೆ, ಎಲ್ಲರ ಬಾಯಲ್ಲೂ ನಗು. ಅಮ್ಮ ಅರಿಶಿನ ಕುಂಕುಮ ನೀರಿಗೆ ಬಿಟ್ಟು ಕೈ ಮುಗಿದು, ‘ತಾಯಿ, ವರ್ಷ ವರ್ಷ ಹಿಂಗೇ ಬಾ’ ಅಂತಿದ್ಲು. ನಾನೂ ಅದೇ ಮಾತು ಹೇಳಿ ಕೈ ಮುಗಿದೆ. ಫೋನು ಬಂದಿದ್ದು ಆಗ. ಮಿಲ್ಲಿನ ಕಾವಲಿನವನು ಮಾಡಿದ್ದ. ‘ಅಮ್ಮಾ, ಅಣ್ಣ ಬಿದ್ದುಬಿಟ್ಟವ್ರೆ, ಆಸ್ಪತ್ರೆಗೆ ಕರ್ಕೊಂಡು ಬಂದಿದೀವಿ. ಜೀವಕ್ಕೇನೂ ಇಲ್ಲ, ನೀವು ಗಾಬ್ರಿ ಮಾಡ್ಕೊಬೇಡಿ’ ಅಂದ. ಒದ್ದೆ ಸೀರೇಲೇ ಹೊರಟೆ. ನನ್ನ ತಮ್ಮ ಬೈಕಲ್ಲಿ ಕೂರಿಸಿಕೊಂಡು ಬಂದ. ದಾರಿ ಉದ್ದಕ್ಕೂ ಹಳ್ಳಕೊಳ್ಳ ತುಂಬಿ ಹರೀತಿದ್ವು, ಒಂದನ್ನೂ ನೋಡೋ ಮನಸ್ಸಾಗಲಿಲ್ಲ.

ಬಲಗೈ ಮಣಿಕಟ್ಟು ಮುರಿದಿತ್ತು, ಭುಜದ ಎಲುಬು ಬಿಟ್ಟಿತ್ತು, ಗಲ್ಲದ ಚರ್ಮ ಕಿತ್ತುಹೋಗಿತ್ತು. ಮಾವ ಮಲಗಿದ್ದವನು ನನ್ನ ನೋಡಿ ಮೊದಲು ಕೇಳಿದ್ದು, ‘ಪೂಜೆ ಆಯ್ತಾ?’ ಅಂತ. ನಾನು ಅವನ ಕಾಲಹತ್ರ ಕೂತೆ.

ಆಗಿದ್ದು ಇಷ್ಟು. ದಿಬ್ಬದ ಮಣ್ಣು ರಸ್ತೆಗೆ ಇಳಿದಿತ್ತು. ಅದು ಟೈರಿಗೆ ಸುತ್ತಿಕೊಂಡು ಸುತ್ತಿಕೊಂಡು, ಆ ಕಿರುಬೆರಳು ಹೋಗದ ಸಂದೀಲಿ ಗಿಡಿದು, ಇಳಿಜಾರಲ್ಲಿ ಮುಂದಿನ ಚಕ್ರ ಇದ್ದಕ್ಕಿದ್ದಂಗೆ ನಿಂತುಬಿಟ್ಟಿದೆ. ಹಗುರದ ಸೈಕಲ್ಲು ಹಿಂದಿನಿಂದ ಎದ್ದು ಇವನ ಮೇಲೆ ಬಿದ್ದಿದೆ. ಕಾವಲಿನವನು ಆಸ್ಪತ್ರೆ ಹೊರಗೆ ಕಾಫಿ ಕುಡಿಸ್ತಾ ಇನ್ನೂ ಒಂದು ಮಾತು ಹೇಳಿದ, ಅವನು ಹೇಳದೇ ಇದ್ದಿದ್ರೆ ಚೆನ್ನಾಗಿತ್ತು. ‘ಮಳೆ ಶುರುವಾದಾಗಿಂದ ಅಣ್ಣಂದು ಇದೇ ಪಾಡಮ್ಮ. ದಾರೀಲಿ ನಾಕು ಕಡೆ ಇಳಿದು, ಒಂದು ಬಿದಿರು ಕಡ್ಡಿ ಇಟ್ಕೊಂಡವ್ರಲ್ಲ, ಅದ್ರಲ್ಲಿ ಮಣ್ಣು ಕಿತ್ತು ಬರೋರು. ಬೆನ್ನು ಪೂರಾ ಕೆಸರು. ಮಿಲ್ಲಲ್ಲಿ ಬೇರೆ ಅಂಗಿ ಇಟ್ಕೊಂಡಿದ್ರು. ಬ್ಯಾರೆ ಸೈಕಲ್ ತಗೊಳ್ಳಣ್ಣ ಅಂದ್ರೆ, ನಮ್ಮ ಉಡುಗಿ ಆಸೆಪಟ್ಟು ಆರಿಸಿದ್ದು ಕಣಪ್ಪ ಅಂತಿದ್ರು.’

ಕಾಫಿ ಲೋಟ ಕೈಲಿ ಹಿಡ್ಕೊಂಡು ನಿಂತೆ. ನನ್ನ ಬಾಯಿಗೆ ಹೆದರಿ ಅವನು ಹೇಳಲಿಲ್ಲ ಅಂತಾಗಿದ್ರೆ, ಬಾಯಿಗೆ ಬೈಕೊಂಡು ಸಮಾಧಾನ ಮಾಡ್ಕೊಬೋದಿತ್ತು. ಅವನು ಹೆದರಲಿಲ್ಲ. ನನ್ನ ಹೆಮ್ಮೆಗೆ ಪೆಟ್ಟಾಗಬಾರದು ಅಂತ ಮಳೇಲಿ ಕೂತು ಕಡ್ಡೀಲಿ ಮಣ್ಣು ಕಿತ್ತ.

ಮನೆಗೆ ಬಂದ ಮೇಲೆ ಒಂದು ಸಲ ಕೇಳಿಯೇಬಿಟ್ಟೆ, ‘ನನಗೆ ಒಂದು ಮಾತು ಹೇಳೋದಲ್ವಾ ಮಾವ?’

‘ಬೇಸ್ಗೇಲಿ ಚೆನ್ನಾಗೇ ಓಡ್ತಲ್ಲೇ’ ಅಂದ.

ಎಲುಬು ಕೂಡೋ ಹೊತ್ತಿಗೆ ಮಳೆಗಾಲ ಮುಗಿದಿತ್ತು. ನಾನು ಯಾರಿಗೂ ಹೇಳದೆ ಬಂಗಾರಪೇಟೆ ಅಂಗಡಿಗೆ ಹೋದೆ. ಆ ಹಸಿರು ಫ್ರೇಮು ಇನ್ನೂ ಗೋಡೇಲಿ ಇತ್ತು. ಯಾರಾದ್ರೂ ತಗೊಂಡು ಹೋಗಿದ್ರೆ, ಅಯ್ಯೋ ಹೋಯ್ತಲ್ಲ ಅಂತ ಒಂದು ನೆಪ ಸಿಕ್ತಿತ್ತು. ಮಡ್‌ಗಾರ್ಡು, ಕ್ಯಾರಿಯರ್, ಎಲ್ಲ ಹಾಕಿಸಿ ಮನೆಗೆ ತಂದೆ. ಈ ಸಲ ಎತ್ತಿ ನೋಡಲಿಲ್ಲ.

ಮಾವ ಸೈಕಲ್ ಸುತ್ತ ಒಂದು ಸುತ್ತು ಬಂದ, ಫೋರ್ಕಿನ ಹತ್ರ ಎರಡು ಬೆರಳು ಇಟ್ಟು ನೋಡಿದ, ‘ಚೆಂದಾಗೈತೆ’ ಅಂದ. ಮಾರನೇ ಬೆಳಿಗ್ಗೆ ನೀರು ಬರೋ ಹೊತ್ತು, ಲೈನಿನ ಹೆಂಗಸರೆಲ್ಲ ನಲ್ಲಿ ಹತ್ರ ಬಿಂದಿಗೆ ಇಟ್ಕೊಂಡು ನಿಂತಿದ್ರು. ಇವನು ಹತ್ತಿದ. ಬಲಗೈ ಮಣಿಕಟ್ಟು ನೆಟ್ಟಗೆ ಕೂಡಿರಲಿಲ್ಲ, ಬ್ರೇಕು ಒತ್ತೋಕೆ ಬೆರಳು ಬಗ್ತಿರಲಿಲ್ಲ. ನಾಲ್ಕು ಮನೆ ದಾಟೋದ್ರಲ್ಲಿ ಹ್ಯಾಂಡ್ಲು ಆಚೆ ಈಚೆ ಆಯ್ತು. ಎದುರಿಗೆ ಯಾರದೋ ಕೋಳಿ ಅಡ್ಡ ಬಂತು, ಅಷ್ಟೇ, ಕಾಲು ಕೊಟ್ಟು ನಿಂತುಬಿಟ್ಟ. ಆಮೇಲೆ ಇಳಿದು, ಸೈಕಲ್ ತಿರುಗಿಸಿಕೊಂಡು, ತಳ್ಳಿಕೊಂಡು ವಾಪಸ್ ಬಂದ. ಎದುರುಮನೆ ಅಕ್ಕ ಬಿಂದಿಗೆ ಕಡೆ ನೋಡ್ತಾ ನಿಂತ್ಲು.

‘ನಾಳೆ ನೋಡೋಣ ಮಾವ, ಒಂದೇ ದಿನಕ್ಕೆ ಬರುತ್ತಾ?’ ಅಂದೆ.

‘ಬ್ಯಾಡ ಬಿಡು ಉಡುಗಿ. ಮನಸ್ನಾಗೆ ಅಳುಕು ಕೂತದೆ. ಇರೋ ಒಂದು ಕಣ್ಣು ನೆಲಾನೇ ನೋಡ್ತದೆ, ದಾರಿ ನೋಡಲ್ಲ’ ಅಂದ. ಸೈಕಲ್ನ ಗೋಡೆಗೆ ಒರಗಿಸಿ, ಒಳಗೆ ಹೋಗಿ ಮಿಲ್ಲಿನ ಬೀಗದಕೈ ಗೂಟಕ್ಕೆ ನೇತು ಹಾಕಿದ.

ಆಮೇಲೆ ಅವನು ಮಿಲ್ಲು ಬಿಡಬಾರದು ಅಂತ ನಾನು ಸ್ಕೂಟರ್ ಕಲಿತೆ. ಈ ವಯಸ್ಸಿನಲ್ಲಿ ಕಲಿತಿದ್ದಕ್ಕೆ ಎಲ್ಲರೂ ಭೇಷ್ ಅಂದ್ರು. ನನ್ನನ್ನ ಹೊಗಳೋಕೆ ಬಂದವರಿಗೆ ನಾನು ಸರಿಯಾಗಿ ಮುಖ ಕೊಟ್ಟು ಮಾತಾಡಲಿಲ್ಲ. ಬೆಳಿಗ್ಗೆ ಅವನನ್ನ ಕೂರಿಸಿಕೊಂಡು ಬಂಗಾರಪೇಟೆಗೆ ಬಿಟ್ಟು ಬಂದು ಹೊಲಿಗೆಗೆ ಕೂರ್ತೀನಿ, ಸಾಯಂಕಾಲ ಮತ್ತೆ ಹೋಗ್ತೀನಿ. ಮೊದಲ ದಿನವೇ ಮಿಲ್ಲಿನ ಗೇಟು ಇನ್ನೂ ದೂರ ಇರುವಾಗ ಬೆನ್ನು ತಟ್ಟಿ, ‘ಇಲ್ಲೇ ನಿಲ್ಸು, ನಡ್ಕೊಂಡು ಓಗ್ತೀನಿ’ ಅಂದ. ದಿನಾ ಅಲ್ಲೇ ನಿಲ್ಲಿಸ್ತೀನಿ. ಮಂಡಿ ಎಳೀತಾ, ಚೀಲ ಹೆಗಲಿಗೆ ಹಾಕ್ಕೊಂಡು, ಮಿಕ್ಕ ದೂರ ಒಬ್ಬನೇ ನಡೀತಾನೆ. ಅವನು ಗೇಟಿನ ಬೀಗ ತೆಗೆಯೋ ತನಕ ನಾನು ದೂರದಿಂದ ನೋಡ್ತಾ ನಿಂತಿರ್ತೀನಿ.

ಮಂಡಿನೋವು ಇದ್ದರೂ, ಏರಲ್ಲಿ ತಳ್ಳಿಕೊಂಡಾದ್ರೂ, ಅವನು ತಾನಾಗೇ ಹೋಗಿ ಬರ್ತಿದ್ದ. ಹಗುರ ಮಾಡ್ತೀನಿ ಅಂತ ಹೋಗಿ ಅದನ್ನೂ ಕಿತ್ಕೊಂಡೆ. ಒಳ್ಳೇದಕ್ಕೇ ಮಾಡಿದ್ದಲ್ವಾ ಅಂತ ನಮ್ಮಮ್ಮ ಸಮಾಧಾನ ಹೇಳ್ತಾಳೆ. ಒಳ್ಳೇದಕ್ಕೇ ಮಾಡಿದ್ದು, ನಿಜ. ನನ್ನ ಕೈಯನ್ನ ನಂಬಿದೆ, ಅವನ ಬೆರಳನ್ನ ನಂಬಲಿಲ್ಲ.

ದಿನಾ ರಾತ್ರಿ ಊಟ ಆದ ಮೇಲೆ ಕೈ ತೊಳೆದು, ಟವೆಲ್ಲಲ್ಲಿ ಒರೆಸಿಕೊಳ್ತಾ, ಬಾಗಿಲ ಹತ್ರ ನಿಂತು ಕೇಳ್ತಾನೆ. ಒಂದು ದಿನವೂ ತಪ್ಪಿಸಿಲ್ಲ. ನಾನು ಬರಲ್ಲ ಅಂದುಬಿಡ್ತೀನೇನೋ ಅನ್ನೋ ಹಂಗೆ, ಮುಖ ಸ್ವಲ್ಪ ಆಚೆ ಮಾಡಿ ಕೇಳ್ತಾನೆ.

‘ನಾಳೆ ನಿಂಗೆ ಬಿಡುವಾಗ್ತದಾ ಉಡುಗಿ? ನನ್ನ ಬಿಟ್ಬರಕ್ಕೆ?’

‘ಆಗುತ್ತೆ ಮಾವ’ ಅಂತೀನಿ.

‘ತೊಂದ್ರೆ ಇದ್ರೆ ಏಳು ಮತ್ತೆ’ ಅಂತಾನೆ.